ಬೆಟ್ಟ ಹತ್ತುವ ಮುನ್ನ
(ಕಳವಾದಲ್ಲಿ ಸೇರಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬರುವ ಚಳಿಗಾಲದಲ್ಲಿ ಸಹಾಯಾರ್ಥವಾಗಿ ಸಹ್ಯಾದ್ರಿಯ ಮೂರು ಶಿಖರಗಳನ್ನು ಏರಬೇಕೆಂದು ನಮ್ಮ ಸಂಘ ಸಂಕಲ್ಪಿಸಿದೆ. ಕಳಸೂಬಾಯಿ 1646 ಮೀಟರ್, ಸಾಲ್ಹೇರ್ 1567 ಮೀಟರ್, ಹರಿಶ್ಚಂದ್ರಗಡ 1424 ಮೀಟರ್. ಇವುಗಳಲ್ಲಿ ಮೊದಲನೆಯದು ಮಹಾರಾಷ್ಟ್ರದ ಅತ್ಯುನ್ನತ ಶಿಖರ. ಇದರಿಂದ ಕೂಡುವ ಹಣ, ಕ್ಯಾನ್ಸರ್ ಚಿಕಿತ್ಸೆಗಾಗಿ ಊರಿನಿಂದ ಪರೇಲಿನ ಟಾಟಾ ಆಸ್ಪತ್ರೆಗೂ ಖಾರಘರದ ಅದರ ಕೇಂದ್ರಕ್ಕೂ ಬರುವ ಕನ್ನಡದ ಬಡ ರೋಗಿಗಳ ವಸತಿ ಹಾಗೂ ಪ್ರಯಾಣಕ್ಕೆ ಸಲ್ಲತಕ್ಕದ್ದು. ಸಿದ್ಧತೆಯ ಹೊಣೆಯನ್ನು ನನಗೆ ವಹಿಸಿರುವುದರಿಂದ ಈ ನಾಲ್ಕು ಮಾತು.

ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. 'ಹಣ ಬೇಕಾದರೆ ಜೇಬಿನಿಂದ ತೆಗೆದು ಕೊಡೋಣ. ಅದಕ್ಕಾಗಿ ಬೆಟ್ಟವನ್ನೇಕೆ ಹತ್ತಬೇಕು?' ಪ್ರಶ್ನೆ ನ್ಯಾಯವಾದುದು. ಹಣವೊಂದೇ ಗುರಿಯಾಗಿದ್ದರೆ ಬೆಟ್ಟ ಬೇಕಿಲ್ಲ. ಆದರೆ ಬಾಗಲಕೋಟೆಯಿಂದಲೋ ಕಲಬುರ್ಗಿಯಿಂದಲೋ ಮೊದಲ ಸಲ ಮುಂಬಯಿಗೆ ಬಂದಿಳಿದ ರೋಗಿಗೆ ಹಣದಷ್ಟೇ ಅಗತ್ಯವಾದುದು ಜೊತೆಗೊಬ್ಬ ಮನುಷ್ಯ. ನಸುಕಿನಲ್ಲಿ ಸರದಿಯಲ್ಲಿ ನಿಲ್ಲುವವನು, ವೈದ್ಯರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದನ್ನು ಕನ್ನಡದಲ್ಲಿ ತಿಳಿಯಹೇಳುವವನು, ಮುಂದಿನ ತಪಾಸಣೆಯ ದಿನವನ್ನು ಬರೆದುಕೊಡುವವನು. ಇಂಥವರು ಒಂದು ದಿನದ ಚಂದಾ ವಸೂಲಿಯಿಂದ ಸಿಗುವುದಿಲ್ಲ. ಹನ್ನೆರಡು ವಾರ ಒಟ್ಟಿಗೆ ಬೆವರು ಸುರಿಸಿದವರಲ್ಲಿ, ಹಿಂದುಳಿದವನಿಗಾಗಿ ಕಾಯುವುದನ್ನು ಕಲಿತವರಲ್ಲಿ ಸಿಗುತ್ತಾರೆ. ಆದ್ದರಿಂದ ನನ್ನ ಸೂಚನೆ ಇಷ್ಟು: ಹೆಸರು ಕೊಡುವ ಪ್ರತಿಯೊಬ್ಬರೂ ಹಣ ಸಂಗ್ರಹಿಸುವುದರ ಜೊತೆಗೆ ವರ್ಷದಲ್ಲಿ ಆರು ದಿನ ಆಸ್ಪತ್ರೆಯಲ್ಲಿ ದುಭಾಷಿಯಾಗಿ ನಿಲ್ಲುವ ಮಾತು ಕೊಡಬೇಕು. ಈ ಮಾತಿಲ್ಲದೆ ಹೋದರೆ ನಮ್ಮದು ಭಾನುವಾರದ ವಿಹಾರವಷ್ಟೇ ಆದೀತು.

ಇನ್ನು ದೇಹದ ಸಿದ್ಧತೆ. ಕಳಸೂಬಾಯಿಯ ತಪ್ಪಲಿನ ಬಾರಿ ಗ್ರಾಮದಿಂದ ತುದಿಗೆ 800 ಮೀಟರಿಗೂ ಹೆಚ್ಚಿನ ಏರು. ನಮಗೆ ತಿಳಿಯುವ ಲೆಕ್ಕದಲ್ಲಿ ಹೇಳುವುದಾದರೆ, ಏಳು ಮಹಡಿಯ ಕಟ್ಟಡವನ್ನು ಒಂದೇ ದಿನ ನಲವತ್ತು ಬಾರಿ ಹತ್ತಿದಂತೆ. ದಿನವೂ ಲೋಕಲ್ ಗಾಡಿಯಲ್ಲಿ ನೇತಾಡಿ ಹೋಗಿಬರುವ ನಮಗೆ ನಿಲ್ಲುವ ಶಕ್ತಿ ಇದೆ. ಏರುವ ಶಕ್ತಿ ಬೇರೆ. ಮೊದಲ ವಾರ ವಾಸದ ಕಟ್ಟಡದ ಮೆಟ್ಟಿಲನ್ನೇ ಐದು ಬಾರಿ ಹತ್ತಿ, ವಾರವಾರಕ್ಕೆ ಎರಡೆರಡು ಹೆಚ್ಚಿಸಿದರೆ ಸಾಕು. ಭಾನುವಾರಗಳಂದು ನಮ್ಮ ಬೆನ್ನಿಗೇ ಇರುವ ಪಾರ್ಸಿಕ ಗುಡ್ಡದ ಕಡೆ ನಡೆಯೋಣ. 1916ರಿಂದ ಆ ಗುಡ್ಡದ ಹೊಟ್ಟೆಯನ್ನು ಕೊರೆದು ರೈಲು ಓಡುತ್ತಿದೆ. ನಮ್ಮಲ್ಲಿ ಅದರ ನೆತ್ತಿಯನ್ನು ಕಂಡವರು ಎಷ್ಟು ಮಂದಿ? ಎರಡು ತಿಂಗಳ ಬಳಿಕ ಆಸನಗಾಂವ ಬಳಿಯ ಮಾಹುಲಿ ಕೋಟೆಯನ್ನು ಹತ್ತಿ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಬಹುದು.

ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮೊಣಕಾಲು ಸೋಲುತ್ತದೆ. ಆದ್ದರಿಂದ ಮೆಟ್ಟಿಲನ್ನು ಇಳಿಯುವುದೂ ಅಭ್ಯಾಸವೇ ಎಂದು ತಿಳಿಯಿರಿ. ಇಳಿಯಲು ಲಿಫ್ಟ್ ಹಿಡಿಯಬೇಡಿ. ಈ ಎತ್ತರದಲ್ಲಿ ಹಿಮಾಲಯದಂತೆ ಗಾಳಿ ತೆಳುವಾಗಿ ಬರುವ ಕಾಯಿಲೆಯ ಭಯವಿಲ್ಲ. ಅದು ಸಾಮಾನ್ಯವಾಗಿ 2500 ಮೀಟರಿನ ಮೇಲಿನ ಮಾತು. ಸಹ್ಯಾದ್ರಿಯಲ್ಲಿ ಕಾಡುವುದು ಬಿಸಿಲು, ಬಾಯಾರಿಕೆ, ಜಾರುವ ಕಲ್ಲು, ಜೇನ್ನೊಣ. ತಲೆಗೆ ಮೂರು ಲೀಟರ್ ನೀರು, ಉಪ್ಪು ಸಕ್ಕರೆಯ ಪುಡಿ, ಕಾಲಿಗೆ ಒಗ್ಗಿದ ಹಳೆಯ ಬೂಟು ಇರಲಿ. ಸುಗಂಧದ್ರವ್ಯ ಬೇಡ, ಹೊಗೆ ಬೇಡ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದಾಗಲಿ, ಗಾಯ ಕೊಯ್ಯುವುದಾಗಲಿ ಕೂಡದು. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವವರು ವೈದ್ಯರ ಒಪ್ಪಿಗೆ ತರಬೇಕು. ತರಲಾರದವರು ತಪ್ಪಲಿನಲ್ಲಿ ಅಡಿಗೆ, ಲೆಕ್ಕ, ಔಷಧಿಗಳ ಜವಾಬ್ದಾರಿ ಹೊರಲಿ. ಅದೇನೂ ಕಡಿಮೆ ಸೇವೆಯಲ್ಲ.

ಗುಂಪಿನ ಶಿಸ್ತಿಗೆ ನಾವು ದೂರ ಹೋಗಬೇಕಾಗಿಲ್ಲ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳನ್ನು ನೋಡಿ. ಲಕ್ಷಾಂತರ ಜನ, ಆದರೆ ಪ್ರತಿಯೊಬ್ಬನೂ ಒಂದು ದಿಂಡಿಗೆ ಸೇರಿದವನು. ದಿಂಡಿಗೆ ಅದರದೇ ಸ್ಥಾನ, ಅದರದೇ ಊಟದ ಏರ್ಪಾಡು. ನಾವೂ ಹತ್ತು ಜನರ ತಂಡಗಳಾಗೋಣ. ಅತಿ ನಿಧಾನಿಗನೇ ಮುಂದೆ ನಡೆಯಲಿ, ಅನುಭವಿಯೊಬ್ಬ ಕೊನೆಯಲ್ಲಿರಲಿ. ಕಬ್ಬಿಣದ ಏಣಿಗಳ ಬಳಿ ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. ಪ್ರತಿ ತಂಗುದಾಣದಲ್ಲೂ ತಲೆಯೆಣಿಕೆ. ನಡುಹಗಲು ಹನ್ನೆರಡಕ್ಕೆ ಎಲ್ಲಿದ್ದರೂ ಹಿಂದಿರುಗಬೇಕು. ಶಿಖರ ಐದೇ ನಿಮಿಷದ ದಾರಿ ಎಂಬ ವಾದವನ್ನು ಯಾರೂ ಹೂಡಬಾರದು.

ಹಣದ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಬಸ್ಸು, ಊಟ, ಟೋಪಿಯ ಖರ್ಚನ್ನು ಹತ್ತುವವರೇ ಭರಿಸತಕ್ಕದ್ದು. ದಾನಿಯ ಒಂದು ರೂಪಾಯಿಯೂ ನಮ್ಮ ತಿಂಡಿಗೆ ಹೋಗಬಾರದು. ಸಾರ್ವಜನಿಕ ನ್ಯಾಸಗಳ ಕಾಯಿದೆಯ ವಿಧಿಗಳಂತೆ ಸಂಗ್ರಹ ನಡೆಯಲಿ, ಪ್ರತಿಯೊಂದಕ್ಕೂ ರಸೀದಿ ಇರಲಿ. 2000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯ ರಿಯಾಯತಿ ಇಲ್ಲವೆಂಬುದನ್ನು ದಾನಿಗಳಿಗೆ ಮೊದಲೇ ತಿಳಿಸಿ. ಲೆಕ್ಕವನ್ನು ಮಹಾಸಭೆಯಲ್ಲಿ ಓದೋಣ.

ಕೊನೆಯದಾಗಿ, ಬೆಟ್ಟದ ಮಾತು. ದಾನದ ಹೆಸರಿನಲ್ಲಿ ಹೋದ ಮಾತ್ರಕ್ಕೆ ಬೆಟ್ಟ ನಮ್ಮದಾಗುವುದಿಲ್ಲ. ಬ್ರಿಟನ್ನಿನಲ್ಲಿ ಮೂರು ಶಿಖರಗಳನ್ನು ಒಂದೇ ದಿನದಲ್ಲಿ ಏರುವ ಸಹಾಯಾರ್ಥ ಸ್ಪರ್ಧೆಗಳು ಹೆಚ್ಚಿದಂತೆ, ನಡುರಾತ್ರಿಯ ವಾಹನ ಮತ್ತು ಕಸದಿಂದ ತಪ್ಪಲಿನ ಹಳ್ಳಿಗರು ಬೇಸತ್ತದ್ದುಂಟು. ನಮ್ಮ ನಾಡಿನಲ್ಲೇ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿ, ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಚಾರಣ ದಾರಿಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಇದಕ್ಕೆ ಎದುರಾಗಿ ಹಿಲರಿಯನ್ನು ನೆನೆಯೋಣ. 1953ರಲ್ಲಿ ಎವರೆಸ್ಟ್ ಏರಿದ ಆತ ಅಲ್ಲಿಗೇ ನಿಲ್ಲಲಿಲ್ಲ. ಶೆರ್ಪಾ ಜನರ ಕೋರಿಕೆಯಂತೆ 1961ರಲ್ಲಿ ಖುಮ್‌ಜುಂಗ್‌ನಲ್ಲಿ ಶಾಲೆ ಕಟ್ಟಿಸಿಕೊಟ್ಟ.

ಬಾರಿಯ ಸುತ್ತಲಿನವರು ಹೆಚ್ಚಾಗಿ ಮಹಾದೇವ ಕೋಳಿ ಆದಿವಾಸಿಗಳು. ಶಿಖರದ ಮೇಲಿನ ಪುಟ್ಟ ಗುಡಿಯ ದೇವಿ ಅವರ ಮನೆಮಗಳು. ಕಳಸು ಎಂಬ ಹುಡುಗಿ ಮನೆಗೆಲಸಕ್ಕಿದ್ದಳಂತೆ. ಪಾತ್ರೆ ತೊಳೆಯುವುದಿಲ್ಲ, ಕಸ ಗುಡಿಸುವುದಿಲ್ಲ ಎಂಬ ಕರಾರಿನ ಮೇಲೆ ಸೇರಿದವಳು. ಒಡೆಯರು ಮಾತು ಮುರಿದಾಗ ಕೆಲಸ ಬಿಟ್ಟು ಬೆಟ್ಟ ಹತ್ತಿಬಿಟ್ಟಳೆಂಬುದು ಐತಿಹ್ಯ. ಹೋಟೆಲುಗಳಲ್ಲಿ ತಟ್ಟೆ ತೊಳೆದು, ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಸಂತತಿ ನಾವು. ಈ ದೇವಿ ನಮಗೆ ಪರಕೀಯಳಲ್ಲ. ಅವಳ ಊರಿನವರನ್ನೇ ಮಾರ್ಗದರ್ಶಿಗಳನ್ನಾಗಿ ಕರೆದುಕೊಳ್ಳೋಣ, ಅವರ ಮನೆಯ ಭಾಕರಿಗೆ ಸರಿಯಾದ ಬೆಲೆ ಕೊಟ್ಟು ಉಣ್ಣೋಣ, ಅವರೊಡನೆ ಮರಾಠಿಯಲ್ಲೇ ಮಾತಾಡೋಣ. ನಮ್ಮ ರೋಗಿಗೆ ಅವನ ಭಾಷೆಯಲ್ಲಿ ಮಾತು ಸಿಗಲಿ ಎಂದು ಹೊರಟವರು ಇನ್ನೊಬ್ಬರ ಭಾಷೆಯನ್ನು ಅವರ ಅಂಗಳದಲ್ಲಿ ಗೌರವಿಸದಿದ್ದರೆ ಹೇಗೆ? ಕೊಂಡೊಯ್ದ ಪ್ಲಾಸ್ಟಿಕ್ಕೆಲ್ಲ ನಮ್ಮ ಚೀಲದಲ್ಲೇ ಕಳವಾಕ್ಕೆ ಮರಳಲಿ.

ಹೆಸರು ಬರೆಯುವ ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಅದರಲ್ಲಿ ಎರಡು ಅಂಕಣಗಳಿವೆ: ಒಂದು ಶಿಖರದ್ದು, ಇನ್ನೊಂದು ಆಸ್ಪತ್ರೆಯ ಆರು ದಿನಗಳದ್ದು. ದಯವಿಟ್ಟು ಎರಡನೆಯದನ್ನು ಮೊದಲು ತುಂಬಿರಿ.