ಸೈನಿಕನನ್ನು ಬಂಧಿಸುವ ಪೊಲೀಸ್ ಯಾರ ಅಧೀನ?



ಮಿಲಿಟರಿ ಪೊಲೀಸ್ ಎಂದೊಡನೆ ನಮ್ಮಲ್ಲಿ ಬಹುತೇಕರ ಕಣ್ಣ ಮುಂದೆ ಬರುವುದು ಕೆಂಪು ಟೋಪಿ ಧರಿಸಿ ಕಂಟೋನ್ಮೆಂಟಿನ ಹೆದ್ದಾರಿಯಲ್ಲಿ ಸೇನಾ ವಾಹನಗಳಿಗೆ ದಾರಿ ತೋರುವ ಸಿಪಾಯಿ. ಬೆಂಗಳೂರಿನಲ್ಲಿ ಬದುಕಿದವರಿಗೆ ಈ ದೃಶ್ಯ ಹೊಸದೇನಲ್ಲ. ಭಾರತೀಯ ಸೇನೆಯ ಮಿಲಿಟರಿ ಪೊಲೀಸ್ ದಳದ ತರಬೇತಿ ಕೇಂದ್ರವಿರುವುದು ಅದೇ ನಗರದಲ್ಲಿ. ಆದರೆ ಈ ಪೊಲೀಸನು ಯಾರನ್ನು ಬಂಧಿಸಬಲ್ಲನು, ಯಾರ ಆಜ್ಞೆಗೆ ಬದ್ಧನು, ಆಜ್ಞೆ ಕೊಟ್ಟವನೇ ಆರೋಪಿಯಾದರೆ ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಇಂದು ನಾವು ಮಾತನಾಡಬಯಸುವುದು ಈ ಪ್ರಶ್ನೆಗಳ ಬಗ್ಗೆ.

ಮೊದಲು ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳೋಣ. ಬ್ರೆಝಿಲ್‌ನಲ್ಲಿ ಮಿಲಿಟರಿ ಪೊಲೀಸ್ ಎಂದರೆ ಬೀದಿಯಲ್ಲಿ ಗಸ್ತು ತಿರುಗುವ ರಾಜ್ಯ ಸರಕಾರಗಳ ಪೊಲೀಸ್. ಸೇನೆಯ ಒಳಗಿನ ಪೊಲೀಸರಿಗೆ ಅಲ್ಲಿ ಬೇರೆ ಹೆಸರಿದೆ. 1992ರ ಅಕ್ಟೋಬರ್ 2ರಂದು ಸಾವೊ ಪೌಲೊದ ಕಾರಂದಿರು ಜೈಲಿನೊಳಗೆ ನುಗ್ಗಿದ ಈ ಪಡೆಯಿಂದಾಗಿ 111 ಕೈದಿಗಳು ಸತ್ತರು. ಅಂದಿನ ಕಾನೂನಿನ ಪ್ರಕಾರ ಇಂತಹ ಪೊಲೀಸರ ವಿಚಾರಣೆ ಮಿಲಿಟರಿ ನ್ಯಾಯಾಲಯದ ಹಕ್ಕಾಗಿತ್ತು. 1996ರಲ್ಲಿ ಕಾನೂನು ಬದಲಾಯಿತು; ನಾಗರಿಕರನ್ನು ಉದ್ದೇಶಪೂರ್ವಕವಾಗಿ ಕೊಂದ ಪ್ರಕರಣಗಳು ಸಾಮಾನ್ಯ ನ್ಯಾಯಾಲಯದ ಜ್ಯೂರಿಯ ಮುಂದೆ ಬರತೊಡಗಿದವು. ಕಾರಂದಿರು ಪ್ರಕರಣದಲ್ಲಿ ಜ್ಯೂರಿ ಪೊಲೀಸರನ್ನು ಅಪರಾಧಿಗಳೆಂದು ಘೋಷಿಸಿದ್ದು 2013-14ರಲ್ಲಿ, ಅಂದರೆ ಎರಡು ದಶಕಗಳ ನಂತರ. ಆ ಶಿಕ್ಷೆಗಳೂ ಬಳಿಕ ಮೇಲ್ಮನವಿ ಮತ್ತು ಕ್ಷಮಾದಾನಗಳ ಸುಳಿಗೆ ಸಿಲುಕಿದವು.

ಫ್ರಾನ್ಸಿನ ಝಾಂದಾರ್ಮರಿ ಮತ್ತು ಇಟೆಲಿಯ ಕಾರಬಿನಿಯೇರಿಗಳದ್ದು ಇನ್ನೊಂದು ಬಗೆ. ಇವರು ಸೈನಿಕರೇ. ಆದರೆ ಹಳ್ಳಿ ಪಟ್ಟಣಗಳಲ್ಲಿ ಕಳ್ಳನನ್ನು ಹಿಡಿಯುವುದೂ ಇವರೇ, ಸೈನಿಕನ ಅಪರಾಧವನ್ನು ತನಿಖೆ ಮಾಡುವುದೂ ಇವರೇ. ಫ್ರಾನ್ಸ್ 2009ರಲ್ಲಿ ತನ್ನ ಪಡೆಯನ್ನು ಗೃಹ ಸಚಿವಾಲಯದ ಅಧೀನಕ್ಕೆ ತಂದಿತು. ಟರ್ಕಿಯು 2016ರ ವಿಫಲ ಸೇನಾ ದಂಗೆಯ ಬೆನ್ನಿಗೇ ಇದೇ ಕೆಲಸ ಮಾಡಿತು. ದಂಗೆಯ ಕಹಿ ಉಂಡ ಮೇಲಷ್ಟೇ ಬುದ್ಧಿ ಬರಬೇಕೆಂದೇನಿಲ್ಲ, ಆದರೆ ಬಂದದ್ದು ಹಾಗೆಯೇ. ಜಪಾನಿನಲ್ಲಿ 1881ರಲ್ಲಿ ಸ್ಥಾಪನೆಯಾದ ಕೆಂಪೇತಾಯ್ ಕೂಡ ಸೇನೆಯ ಶಿಸ್ತಿಗೆಂದು ಹುಟ್ಟಿದ ದಳ. ಕ್ರಮೇಣ ನಾಗರಿಕರ ಮೇಲೂ ಅಧಿಕಾರ ಚಲಾಯಿಸಿ, ಎರಡನೇ ಮಹಾಯುದ್ಧದಲ್ಲಿ ಆಕ್ರಮಿತ ಏಷ್ಯಾದಾದ್ಯಂತ ಚಿತ್ರಹಿಂಸೆಯ ಪರ್ಯಾಯ ಪದವಾಗಿ 1945ರಲ್ಲಿ ಅದು ಅಳಿಯಿತು.

ನಾವು ಹೆಚ್ಚು ಗಮನ ಹರಿಸಬೇಕಾದದ್ದು ಬ್ರಿಟನ್ ಮಾದರಿಯ ಮಿಲಿಟರಿ ಪೊಲೀಸರ ಕಡೆಗೆ. ಏಕೆಂದರೆ ನಮ್ಮ ಸೇನೆಯ ಪರಂಪರೆಯೂ ಅಲ್ಲಿಂದಲೇ ಬಂದಿದೆ. ಇಲ್ಲಿ ಮಿಲಿಟರಿ ಪೊಲೀಸನ ಅಧಿಕಾರ ಸೈನಿಕರ ಮೇಲೆ ಮಾತ್ರ. ಕೇಳಲು ನಿರುಪದ್ರವಿ ಎನಿಸುವ ವ್ಯವಸ್ಥೆ. ಆದರೆ ಆ ಸೇನೆ ಪರದೇಶವೊಂದನ್ನು ಆಕ್ರಮಿಸಿಕೊಂಡಾಗ, ಅಲ್ಲಿನ ನಾಗರಿಕನೊಬ್ಬ ಸೈನಿಕನ ಕೈಯಲ್ಲಿ ಸತ್ತರೆ ಅವನ ಪರವಾಗಿ ತನಿಖೆ ಮಾಡಬಲ್ಲ ಏಕೈಕ ಪೊಲೀಸ್ ಇವನೇ ಆಗಿರುತ್ತಾನೆ.

2003ರ ಸೆಪ್ಟೆಂಬರ್‌ನಲ್ಲಿ ಇರಾಕ್‌ನ ಬಸ್ರಾದ ಹೊಟೇಲೊಂದರಿಂದ ಬ್ರಿಟಿಷ್ ಸೈನಿಕರು ಬಹಾ ಮೂಸಾ ಎಂಬ 26ರ ಹರೆಯದ ಸ್ವಾಗತಕಾರನನ್ನು ಇತರರೊಂದಿಗೆ ಹಿಡಿದೊಯ್ದರು. ಸುಮಾರು 36 ಗಂಟೆಗಳಲ್ಲಿ ಆತ ಶವವಾದನು. ಮೈಮೇಲೆ 93 ಗಾಯಗಳಿದ್ದುವು. ಕೋರ್ಟ್ ಮಾರ್ಷಲ್ ಎದುರಿಸಿದವರು ಏಳು ಮಂದಿ. ಅಮಾನವೀಯ ವರ್ತನೆಯನ್ನು ತಾನಾಗಿ ಒಪ್ಪಿಕೊಂಡ ಒಬ್ಬ ಕಾರ್ಪೊರಲ್‌ಗೆ 2007ರಲ್ಲಿ ಒಂದು ವರ್ಷ ಸಜೆಯಾಯಿತು, ಉಳಿದ ಆರು ಮಂದಿ ಪಾರಾದರು. ಸೈನಿಕರು ಪರಸ್ಪರರ ರಕ್ಷಣೆಗೆ ಒಗ್ಗಟ್ಟಾಗಿ ಬಾಯಿ ಮುಚ್ಚಿಕೊಂಡಿದ್ದಾರೆಂದು ವಿಚಾರಣೆ ನಡೆಸಿದ ನ್ಯಾಯಾಧೀಶರೇ ಗುರುತಿಸಬೇಕಾಯಿತು.

ಇದಕ್ಕೆ ಮಿಲಿಟರಿ ಪೊಲೀಸರ ಅಸಾಮರ್ಥ್ಯವೊಂದೇ ಕಾರಣವೇ? ಬಸ್ರಾದಲ್ಲಿ ಸತ್ತ ಆರು ಮಂದಿಯ ಬಂಧುಗಳು ಹೂಡಿದ ಅಲ್-ಸ್ಕೈನಿ ಪ್ರಕರಣದಲ್ಲಿ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯವು 2011ರ ಜುಲೈ 7ರಂದು ಕಾರಣವನ್ನು ಹೆಚ್ಚು ಆಳದಲ್ಲಿ ಕಂಡುಕೊಂಡಿತು. ವಿಶೇಷ ತನಿಖಾ ವಿಭಾಗವನ್ನು ಕರೆಯಬೇಕೇ ಬೇಡವೇ ಎಂದು ಸಾಮಾನ್ಯವಾಗಿ ತೀರ್ಮಾನಿಸುತ್ತಿದ್ದವನು ಆ ತುಕಡಿಯ ಕಮಾಂಡರ್. ಆದ್ದರಿಂದ ಮಿಲಿಟರಿ ಪೊಲೀಸ್ ಸೇನಾ ಅಧಿಕಾರ ಶ್ರೇಣಿಯಿಂದ ಸ್ವತಂತ್ರವಾಗಿರಲಿಲ್ಲವೆಂದು ನ್ಯಾಯಾಲಯ ಹೇಳಿತು. ಗುಂಡು ಹಾರಿಸಿದವರ ಹೇಳಿಕೆಗಳನ್ನಷ್ಟೇ ಪಡೆದು ಮುಗಿಸಿದ ತನಿಖೆಗಳೂ ಅವುಗಳಲ್ಲಿದ್ದುವು. ಅದೇ ವರ್ಷ ಬ್ರಿಟನ್ ತನ್ನ ಕಾಯ್ದೆಗೆ ತಿದ್ದುಪಡಿ ತಂದು, ತನಿಖೆಗಳಲ್ಲಿ ಅನುಚಿತ ಹಸ್ತಕ್ಷೇಪವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಮಿಲಿಟರಿ ಪೊಲೀಸರ ಮುಖ್ಯಸ್ಥರಾದ ಪ್ರೊವೋಸ್ಟ್ ಮಾರ್ಷಲರ ಮೇಲೆ ಹೊರಿಸಿತು. 2022ರ ಡಿಸೆಂಬರ್‌ನಲ್ಲಿ ಗಂಭೀರ ಅಪರಾಧಗಳಿಗಾಗಿ ಮೂರೂ ಪಡೆಗಳಿಗೆ ಸೇರಿದ ಪ್ರತ್ಯೇಕ ಘಟಕ ಅಸ್ತಿತ್ವಕ್ಕೆ ಬಂತು. ಬಹಾ ಮೂಸಾ ಸತ್ತು ಆಗ 19 ವರ್ಷ ಕಳೆದಿತ್ತು.

ಅದೇ ಇರಾಕ್‌ನ ಅಬೂಗುರೈಬ್ ಜೈಲಿನಲ್ಲಿ ಮಿಲಿಟರಿ ಪೊಲೀಸರೇ ಪೀಡಕರಾದರು. ಅಮೇರಿಕದ ಸೇನೆಯಲ್ಲಿ ಕೈದಿಗಳನ್ನು ಕಾಯುವುದು ಮಿಲಿಟರಿ ಪೊಲೀಸರ ಕೆಲಸ, ಪ್ರಶ್ನಿಸುವುದು ಬೇಹುಗಾರಿಕಾ ವಿಭಾಗದ ಕೆಲಸ. 2003ರ ನವೆಂಬರ್‌ನಲ್ಲಿ ಇಡೀ ಜೈಲನ್ನು ಬೇಹುಗಾರಿಕಾ ಬ್ರಿಗೇಡಿನ ಕಮಾಂಡರ್‌ನ ಅಧೀನಕ್ಕೆ ಒಪ್ಪಿಸಲಾಯಿತು. ವಿಚಾರಣೆಗೆ ಕೈದಿಗಳನ್ನು ‘ಹದಗೊಳಿಸುವ’ ಕೆಲಸ ಕಾವಲುಗಾರರ ಪಾಲಿಗೆ ಬಂತು. ಮೇಜರ್ ಜನರಲ್ ತಗೂಬಾರವರ ವರದಿ ಬೊಟ್ಟು ಮಾಡಿದ್ದು ಈ ಬೆರಕೆಯನ್ನೇ. ಇನ್ನೊಂದು ಸಂಗತಿಯನ್ನೂ ನಾವು ಮರೆಯಬಾರದು. 2004ರ ಜನವರಿಯಲ್ಲಿ ಆ ಚಿತ್ರಗಳ ಸಿಡಿಯನ್ನು ತನಿಖಾಧಿಕಾರಿಗಳಿಗೆ ತಲುಪಿಸಿದ ಜೋಸೆಫ್ ಡಾರ್ಬಿ ಕೂಡ ಅದೇ ತುಕಡಿಯ ಮಿಲಿಟರಿ ಪೊಲೀಸ್ ಆಗಿದ್ದನು. ಸೆರೆಮನೆಗೆ ಹೋದವರು ಕೆಳದರ್ಜೆಯ ಸಿಬ್ಬಂದಿ. ಚಾರ್ಲ್ಸ್ ಗ್ರೇನರ್‌ಗೆ ಹತ್ತು ವರ್ಷ ಶಿಕ್ಷೆಯಾದರೆ, ಬ್ರಿಗೇಡಿಯರ್ ಜನರಲ್ ಕಾರ್ಪಿನ್‌ಸ್ಕಿಗೆ ಆದದ್ದು ಕರ್ನಲ್ ಹುದ್ದೆಗೆ ಹಿಂಬಡ್ತಿ.

ಹಾಗಾದರೆ ಬೇರೆ ದಾರಿ ಇದೆಯೇ? ಜರ್ಮನಿ ಒಂದು ದಾರಿ ಹಿಡಿದಿದೆ. ನಾಝಿ ಕಾಲದ ಸೇನಾ ಪೊಲೀಸರನ್ನು ಅವರದ್ದೇ ಸೈನಿಕರು ಕುತ್ತಿಗೆಯ ಫಲಕದ ಕಾರಣದಿಂದ ‘ಸರಪಣಿಯ ನಾಯಿಗಳು’ ಎಂದು ಕರೆಯುತ್ತಿದ್ದರು. ಆ ಅನುಭವದ ನಂತರ ಸ್ಥಾಪನೆಯಾದ ಇಂದಿನ ಫೆಲ್ಡ್‌ಯೇಗರ್ ಪಡೆಗೆ ಶಿಸ್ತು, ಸಂಚಾರ, ಭದ್ರತೆಯ ಹೊಣೆಯಷ್ಟೇ ಇದೆ. ಶಾಂತಿಕಾಲದಲ್ಲಿ ಅಲ್ಲಿ ಸೈನಿಕ ಅಪರಾಧಗಳಿಗೆ ಮಿಲಿಟರಿ ನ್ಯಾಯಾಲಯವೇ ಇಲ್ಲ. ಸೈನಿಕನು ಅಪರಾಧವೆಸಗಿದರೆ ಸಾಮಾನ್ಯ ಪ್ರಾಸಿಕ್ಯೂಟರ್, ಸಾಮಾನ್ಯ ನ್ಯಾಯಾಧೀಶ. ವಿದೇಶಗಳಲ್ಲಿ ನಡೆಯುವ ಅಪರಾಧಗಳಿಗೆ 2013ರಿಂದ ಕೆಂಪ್ಟನ್ ಎಂಬ ಸಣ್ಣ ನಗರದ ನ್ಯಾಯಾಲಯಕ್ಕೆ ಅಧಿಕಾರ ಕೊಡಲಾಗಿದೆ. ಇದರಿಂದ ಎಲ್ಲರಿಗೂ ಶಿಕ್ಷೆಯಾಗುತ್ತದೆಂದು ಭಾವಿಸಬೇಡಿ. 2009ರಲ್ಲಿ ಅಫ್ಘಾನಿಸ್ತಾನದ ಕುಂದುಝ್‌ನಲ್ಲಿ ಹಲವು ನಾಗರಿಕರನ್ನು ಬಲಿ ಪಡೆದ ವೈಮಾನಿಕ ದಾಳಿಗೆ ಆದೇಶಿಸಿದ ಜರ್ಮನ್ ಕರ್ನಲ್ ಮೇಲಿನ ತನಿಖೆ 2010ರಲ್ಲಿ ಕೈಬಿಟ್ಟುಹೋಯಿತು. ಆದರೆ ಹಾಗೆ ತೀರ್ಮಾನಿಸಿದವರು ಆ ಕರ್ನಲ್‌ನ ಮೇಲಧಿಕಾರಿಗಳಾಗಿರಲಿಲ್ಲ. ಸತ್ತವರ ಬಂಧುವೊಬ್ಬರು ಆ ತೀರ್ಮಾನವನ್ನು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ನ್ಯಾಯಾಲಯದ ತನಕ ಪ್ರಶ್ನಿಸಲು ಸಾಧ್ಯವಾಯಿತು.

ಇಸ್ರೇಲಿನ ವಿಷಯದಲ್ಲಿ ದೀರ್ಘ ಮಾತು ಬೇಕಿಲ್ಲ. ಪೆಲೆಸ್ತೀನಿಯರ ಸಾವಿನ ಕುರಿತು ಅಲ್ಲಿನ ಮಿಲಿಟರಿ ಪೊಲೀಸರಿಗೆ ವರ್ಷಗಟ್ಟಲೆ ದೂರು ನೀಡುತ್ತಾ ಬಂದ ಇಸ್ರೇಲಿ ಸಂಘಟನೆ ಬಿತ್ಸೆಲೆಮ್, 2016ರಲ್ಲಿ ಇನ್ನು ದೂರು ಕೊಡುವುದಿಲ್ಲವೆಂದು ಘೋಷಿಸಿತು. ಆ ತನಿಖೆಗಳು ಮುಚ್ಚಿಹಾಕುವ ಪರದೆಯಷ್ಟೇ ಎಂಬುದು ಅದರ ಆಪಾದನೆ. 2024ರ ಜುಲೈಯಲ್ಲಿ ಪೆಲೆಸ್ತೀನಿ ಕೈದಿಯ ಮೇಲಿನ ದೌರ್ಜನ್ಯದ ಆರೋಪದಲ್ಲಿ ಸೈನಿಕರನ್ನು ವಶಕ್ಕೆ ಪಡೆಯಲು ಮಿಲಿಟರಿ ಪೊಲೀಸರು ಸ್ದೆ ತೈಮಾನ್ ನೆಲೆಗೆ ಹೋದಾಗ, ಪಾರ್ಲಿಮೆಂಟಿನ ಸದಸ್ಯರೂ ಸೇರಿದ ಗುಂಪು ಆ ನೆಲೆಗೇ ನುಗ್ಗಿತು.

ಈಗ ನಮ್ಮ ದೇಶಕ್ಕೆ ಬರೋಣ. 1950ರ ಸೇನಾ ಕಾಯ್ದೆಯ 107ನೇ ಕಲಮು ಪ್ರೊವೋಸ್ಟ್ ಮಾರ್ಷಲ್ ಮತ್ತು ಅವರ ಸಿಬ್ಬಂದಿಗೆ ಈ ಕಾಯ್ದೆಗೊಳಪಟ್ಟವರನ್ನು ಬಂಧಿಸುವ ಅಧಿಕಾರ ನೀಡುತ್ತದೆ. ಸ್ವಂತ ಅಧಿಕಾರದಿಂದ ಶಿಕ್ಷಿಸುವಂತಿಲ್ಲವೆಂದೂ ಸ್ಪಷ್ಟವಾಗಿ ಹೇಳುತ್ತದೆ. ಸಾಮಾನ್ಯ ನಾಗರಿಕರ ಮೇಲಿನ ಅಧಿಕಾರ ಅದರಲ್ಲಿಲ್ಲ. ಅದು ಬರುವುದು 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಮತ್ತು ಕಾಶ್ಮೀರಕ್ಕೆ ಅನ್ವಯಿಸುವ 1990ರ ಕಾಯ್ದೆಯಿಂದ. ಆಗಲೂ ಅದು ಸೇರುವುದು ಮಿಲಿಟರಿ ಪೊಲೀಸರಿಗಲ್ಲ, ಗಲಭೆಪೀಡಿತವೆಂದು ಘೋಷಿತ ಪ್ರದೇಶದಲ್ಲಿರುವ ಕಮಿಷನ್ಡ್ ಅಧಿಕಾರಿಯಿಂದ ನಾನ್-ಕಮಿಷನ್ಡ್ ಅಧಿಕಾರಿಯವರೆಗಿನವರಿಗೆ. ಅವರು ವಾರಂಟ್ ಇಲ್ಲದೆ ಬಂಧಿಸಬಹುದು. ಬಂಧಿತರನ್ನು ಸಾಧ್ಯವಾದಷ್ಟು ಬೇಗ ಹತ್ತಿರದ ಠಾಣೆಗೆ ಒಪ್ಪಿಸಬೇಕು. ಈ ಅಧಿಕಾರದ ಹೆಸರಿನಲ್ಲಿ ನಡೆದುದರ ಬಗ್ಗೆ ಮೊಕದ್ದಮೆ ಹೂಡಲು ಕೇಂದ್ರ ಸರಕಾರದ ಪೂರ್ವಾನುಮತಿ ಬೇಕು.

ಸೇನಾ ಕಾಯ್ದೆಯ 70ನೇ ಕಲಮಿನ ಪ್ರಕಾರ ನಾಗರಿಕರ ಕೊಲೆ ಮತ್ತು ಅತ್ಯಾಚಾರದ ಪ್ರಕರಣಗಳು ಕೋರ್ಟ್ ಮಾರ್ಷಲ್‌ಗೆ ಹೋಗುವಂತಿಲ್ಲ. ಆದರೆ ಸೈನಿಕನು ಸಕ್ರಿಯ ಸೇವೆಯಲ್ಲಿದ್ದರೆ ಹೋಗಬಹುದು. ಎರಡೂ ನ್ಯಾಯಾಲಯಗಳಿಗೆ ಅಧಿಕಾರವಿದ್ದಲ್ಲಿ ಯಾವುದು ಎಂದು ಆರಿಸುವವನು, 125ನೇ ಕಲಮಿನಂತೆ, ಆರೋಪಿಯ ಮೇಲಿನ ಸೇನಾಧಿಕಾರಿ. ಬಸ್ರಾದ ಕಮಾಂಡರ್‌ನ ವಿವೇಚನಾಧಿಕಾರದ ಬಗ್ಗೆ ಸ್ಟ್ರಾಸ್‌ಬರ್ಗ್ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆಂಬುದು ನಮ್ಮ ಅಭಿಪ್ರಾಯ.

2000ದ ಮಾರ್ಚ್ 25ರಂದು ಕಾಶ್ಮೀರದ ಪತ್ರಿಬಲ್‌ನಲ್ಲಿ ಐವರನ್ನು ಕೊಲ್ಲಲಾಯಿತು. ಚಿತ್ತಿಸಿಂಗ್‌ಪುರದ ಸಿಖ್ಖರ ಹತ್ಯಾಕಾಂಡದ ಭಯೋತ್ಪಾದಕರು ಇವರೇ ಎಂದು ಹೇಳಲಾಯಿತು. ಡಿಎನ್‌ಎ ಪರೀಕ್ಷೆಯಲ್ಲಿ ಅವರು ಸ್ಥಳೀಯ ಗ್ರಾಮಸ್ಥರೆಂದು ಸಾಬೀತಾಯಿತು. 2006ರಲ್ಲಿ ಸಿಬಿಐ ಸೇನಾಧಿಕಾರಿಗಳ ವಿರುದ್ಧ ಕೊಲೆ ಆರೋಪಪಟ್ಟಿ ಸಲ್ಲಿಸಿತು. 2012ರ ಮೇ 1ರಂದು ಸುಪ್ರೀಮ್ ಕೋರ್ಟ್ ಆಯ್ಕೆಯನ್ನು ಸೇನೆಗೆ ಬಿಟ್ಟಿತು. ಸೇನೆ ಪ್ರಕರಣವನ್ನು ತನ್ನ ಬಳಿಗೆ ತೆಗೆದುಕೊಂಡಿತು. 2014ರ ಜನವರಿಯಲ್ಲಿ ಸಾಕ್ಷ್ಯಾಧಾರ ಸಾಲದೆಂದು ಕಡತ ಮುಚ್ಚಿತು. ಮೃತರ ಕುಟುಂಬಗಳಿಗೆ ಪೂರ್ಣ ವಿಚಾರಣೆಯೊಂದನ್ನು ಕಾಣುವ ಭಾಗ್ಯವೂ ಇರಲಿಲ್ಲ.

ಸೇನೆಯೇ ಶಿಕ್ಷೆ ವಿಧಿಸಿದ ಉದಾಹರಣೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ನ್ಯಾಯವಾಗದು. 2010ರ ಮಚಿಲ್ ಹತ್ಯೆಗಳಲ್ಲಿ ಕರ್ನಲ್ ಸಹಿತ ಐವರಿಗೆ ಕೋರ್ಟ್ ಮಾರ್ಷಲ್ ಜೀವಾವಧಿ ವಿಧಿಸಿತ್ತು. 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅದನ್ನು ಅಮಾನತಿನಲ್ಲಿಟ್ಟಿತು. 2020ರ ಅಮ್ಶಿಪುರದಲ್ಲಿ ರಜೌರಿಯ ಮೂವರು ಕೂಲಿಕಾರ್ಮಿಕರನ್ನು ಕೊಂದ ಪ್ರಕರಣದಲ್ಲೂ ಕ್ಯಾಪ್ಟನ್ ಒಬ್ಬರಿಗೆ 2023ರ ಮಾರ್ಚ್‌ನಲ್ಲಿ ಜೀವಾವಧಿ, ನವೆಂಬರ್‌ನಲ್ಲಿ ಅಮಾನತು.

2021ರ ಮೇ 8ರಂದು ಬೆಂಗಳೂರಿನ ಕೇಂದ್ರದಿಂದ 83 ಮಹಿಳೆಯರ ಪ್ರಥಮ ತಂಡ ತರಬೇತಿ ಮುಗಿಸಿ ಮಿಲಿಟರಿ ಪೊಲೀಸ್ ದಳ ಸೇರಿತು. ಮಹಿಳೆಯರಿಗೆ ಸಂಬಂಧಿಸಿದ ಅಪರಾಧಗಳ ತನಿಖೆಗೆ ಇವರು ನೆರವಾಗುವರೆಂಬ ನಿರೀಕ್ಷೆಯನ್ನು ನಾವೂ ಸ್ವಾಗತಿಸುತ್ತೇವೆ. ಸೈನಿಕರು ಮಹಿಳೆಯರ ಮೇಲೆಸಗುವ ಲೈಂಗಿಕ ಅಪರಾಧಗಳನ್ನು ಸಾಮಾನ್ಯ ಕ್ರಿಮಿನಲ್ ಕಾನೂನಿನಡಿ ತರಬೇಕು, ಅದಕ್ಕೆ ಕೇಂದ್ರದ ಅನುಮತಿ ಬೇಕೆಂಬ ಷರತ್ತನ್ನು ತೆಗೆದುಹಾಕಬೇಕು ಎಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲೇ ಶಿಫಾರಸು ಮಾಡಿತ್ತು. ಆ ವರ್ಷ ಪಾರ್ಲಿಮೆಂಟ್ ಅಂಗೀಕರಿಸಿದ ತಿದ್ದುಪಡಿ ಕಾಯ್ದೆಯು ವಿಶೇಷಾಧಿಕಾರ ಕಾಯ್ದೆಯ ಆ ಕಲಮನ್ನು ಮುಟ್ಟಲಿಲ್ಲ.