ಕಳ್ಳನಿಗೊಂದು ಚಪ್ಪಾಳೆ



ಮನೆಗೆ ಕಳ್ಳ ನುಗ್ಗಿದರೆ ಬೊಬ್ಬೆ ಹೊಡೆಯುವ ನಾವೇ, ಕತೆಯೊಳಗಿನ ಕಳ್ಳ ತಪ್ಪಿಸಿಕೊಂಡರೆ ಚಪ್ಪಾಳೆ ತಟ್ಟುತ್ತೇವಲ್ಲ, ಯಾಕೆ ಹೇಳಿ?

ಫ್ರಾನ್ಸಿನ ಲೇಖಕ ಮಾರಿಸ್ ಲೆಬ್ಲಾಂ 1905ರಲ್ಲಿ ಅಂಥದೇ ಒಬ್ಬನನ್ನು ಸೃಷ್ಟಿಸಿದರು. ಹೆಸರು ಆರ್ಸೇನ್ ಲುಪಿನ್. ಇಸ್ತ್ರಿ ಮುರಿಯದ ಸೂಟು, ನಯವಾದ ಮಾತು. ಸಿರಿವಂತರ ಔತಣಕ್ಕೆ ಅತಿಥಿಯಾಗಿ ಬಂದು, ಒಡವೆಯೊಂದಿಗೆ ಹೊರಡುವವನು. ಬೆನ್ನು ಹತ್ತಿದ ಪತ್ತೇದಾರ ಗಾನಿಮಾರ್‌ಗೆ ಸುಸ್ತೋ ಸುಸ್ತು. ಒಂದು ಕತೆಯಲ್ಲಂತೂ ಷರ್ಲಾಕ್ ಹೋಮ್ಸ್‌ನ ಗಡಿಯಾರವನ್ನೇ ಎಗರಿಸಿ, ಪೊಟ್ಟಣ ಕಟ್ಟಿ ವಾಪಸು ಕಳಿಸುತ್ತಾನೆ! ಕಾನನ್ ಡಾಯ್ಲ್ ಆಕ್ಷೇಪಿಸಿದ ಮೇಲೆ ಪುಸ್ತಕದಲ್ಲಿ ಆ ಹೆಸರು ಹರ್ಲಾಕ್ ಶೋಮ್ಸ್ ಆಯಿತು.

ನನ್ನ ಮನಸ್ಸಿನಲ್ಲಿ ನಿಂತಿರುವುದು ಮಾತ್ರ 'ರಾಣಿಯ ಕಂಠಹಾರ' ಎಂಬ ಕತೆ. ದೊಡ್ಡ ಮನೆಯೊಂದರಲ್ಲಿ ವಜ್ರದ ಹಾರ ಮಾಯ. ಅನುಮಾನ ಯಾರ ಮೇಲೆ? ಅಲ್ಲೇ ಆಶ್ರಯ ಪಡೆದು ಹೊಲಿಗೆ ಮಾಡಿಕೊಂಡಿದ್ದ ಬಡ ಹೆಂಗಸಿನ ಮೇಲೆ. ಪುರಾವೆ ಸಿಗಲಿಲ್ಲ, ಆದರೂ ಹೊರಹಾಕಿದರು. ವರ್ಷಗಳ ನಂತರ ಅದೇ ಮನೆಯ ಊಟದ ಮೇಜಿನಲ್ಲಿ ಅತಿಥಿಯೊಬ್ಬ ಗುಟ್ಟು ಬಿಡಿಸುತ್ತಾನೆ: ಕದ್ದವನು ಆಕೆಯ ಆರು ವರ್ಷದ ಮಗ, ತಾಯಿಗಾದ ಅವಮಾನ ಸಹಿಸದೆ. ಆ ಅತಿಥಿ ಯಾರೆಂದು ನಿಮಗೀಗ ಗೊತ್ತಾಗಿರಬೇಕು.

ಕಳ್ಳತನ ಕಳ್ಳತನವೇ. ಮಗನ ಜಾಣತನಕ್ಕೆ ಬೆಲೆ ತೆತ್ತವಳೂ ತಾಯಿಯೇ.

ನಮ್ಮ ಫ್ಲಾಟಿನಲ್ಲಿ ಉಂಗುರ ಕಾಣದಾದರೆ ಮೊದಲು ಕಣ್ಣು ಹೋಗುವುದು ಪಾತ್ರೆ ತಿಕ್ಕುವವಳ ಕಡೆಗೆ. ಸೂಟು ತೊಟ್ಟ ಅತಿಥಿಯ ಕಡೆಗಲ್ಲ. ಲುಪಿನ್ ಗೆಲ್ಲುತ್ತಿದ್ದುದು ಇದೇ ಕುರುಡಿನಿಂದ. ಮುಂದಿನ ಸಲ ಉಂಗುರ ಕಳೆದರೆ, ಯಾರ ಮುಖವನ್ನೂ ನೋಡುವ ಮೊದಲು ಸೋಪಿನ ಡಬ್ಬಿ ನೋಡಿ.