ಡಬಲ್ ಸೆವೆನ್: ಒಂದು ಸರ್ಕಾರಿ ಪಾನೀಯದ ಏಳುಬೀಳು
(ಸಂಘದ ಗೋಷ್ಠಿಯಲ್ಲಿ ಮಾಡಿದ ಭಾಷಣ)



ದೆಹಲಿ ಕನ್ನಡಿಗರ ಈ ಸಭೆಯಲ್ಲಿ ತಂಪು ಪಾನೀಯವೊಂದರ ಕಥೆ ಹೇಳಹೊರಟಿರುವುದು ಕೆಲವರಿಗೆ ಹಗುರವೆನಿಸಬಹುದು. ಆದರೆ ಆ ಬಾಟಲಿಯ ಹಿಂದೆ ಒಂದು ಕಾಲದ ರಾಜಕಾರಣವಿದೆ. ನಮ್ಮ ಮಂಗಳೂರೂ ಇದೆ, ಮೈಸೂರೂ ಇದೆ.

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯು ವಿದೇಶಿ ಕಂಪೆನಿಗಳ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕೆಂದಿತು. 1977ರಲ್ಲಿ ಜನತಾ ಸರ್ಕಾರದ ಕೈಗಾರಿಕಾ ಮಂತ್ರಿಯಾದವರು ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್. ಅವರು ಪಟ್ಟು ಸಡಿಲಿಸಲಿಲ್ಲ. ತನ್ನ ಸೂತ್ರದ ಗುಟ್ಟನ್ನು ಬಿಟ್ಟುಕೊಡಲೊಪ್ಪದ ಕೋಕಾ ಕೋಲಾ ದೇಶವನ್ನೇ ಬಿಟ್ಟಿತು.

ತೆರವಾದ ಜಾಗಕ್ಕೆ ಸರ್ಕಾರವೇ ಒಂದು ಪಾನೀಯವನ್ನು ತಂದಿತು. ಅದರ ಸೂತ್ರ ಸಿದ್ಧವಾದದ್ದು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. ತಯಾರಿಕೆಯ ಹೊಣೆ, ಬ್ರೆಡ್ಡಿಗೆ ಹೆಸರಾಗಿದ್ದ ಸರ್ಕಾರಿ ಸಂಸ್ಥೆ ಮಾಡರ್ನ್ ಬೇಕರೀಸಿನದು. ತುರ್ತುಪರಿಸ್ಥಿತಿ ಕೊನೆಗೊಂಡ 1977ರ ನೆನಪಿಗೆಂದು ಇಟ್ಟ ಹೆಸರು ಡಬಲ್ ಸೆವೆನ್.

ನಾನಾಗ ಈ ಊರಿಗೆ ಹೊಸಬ, ಒಬ್ಬ ಕಿರಿಯ ಗುಮಾಸ್ತ. ಇದು ನಮ್ಮ ಮೈಸೂರಿನದೆಂದು ಕಚೇರಿಯ ಪಂಜಾಬಿ ಗೆಳೆಯರೊಡನೆ ಜಂಬ ಕೊಚ್ಚಿಕೊಂಡದ್ದುಂಟು. ಒಂದು ಬೇಸಿಗೆಯ ಮಧ್ಯಾಹ್ನ ಅಂಗಡಿಯಲ್ಲಿ ಅದನ್ನೇ ಕೇಳಿದೆ. ಅಂಗಡಿಯಾತ ಮಂಜುಗಡ್ಡೆಯ ಪೆಟ್ಟಿಗೆಗೆ ಕೈ ಹಾಕಿ, ಬೇರೊಂದು ಬಾಟಲಿಯ ಮುಚ್ಚಳ ತೆಗೆದು ಮುಂದಿಟ್ಟ. ನಾನು ಮರುಮಾತಿಲ್ಲದೆ ಕುಡಿದೆ. ಮುಂದಿನ ಸಲ ಕೇಳಲೂ ಇಲ್ಲ.

ಆ ಪಾನೀಯದ ಪತನದ ಕಾರಣವನ್ನು ಯೋಚಿಸುವಾಗಲೆಲ್ಲ ನನಗೆ ಆ ಪೆಟ್ಟಿಗೆ ನೆನಪಾಗುತ್ತದೆ. ಇಂಥ ವ್ಯಾಪಾರದಲ್ಲಿ ಸೂತ್ರ ಅರ್ಧ ಮಾತ್ರ. ಗಾಜಿನ ಬಾಟಲಿ ಅಂಗಡಿಗೆ ಹೋಗಬೇಕು, ಖಾಲಿಯಾಗಿ ಮರಳಬೇಕು, ತೊಳೆದು ಮತ್ತೆ ತುಂಬಬೇಕು. ಲಾರಿ ತಪ್ಪದೆ ಬರಬೇಕು. ದೆಹಲಿಯಲ್ಲಿ ಕೋಕಾ ಕೋಲಾವನ್ನು ತುಂಬಿ ಹಂಚುತ್ತಿದ್ದ ಪ್ಯೂರ್ ಡ್ರಿಂಕ್ಸ್ ಸಂಸ್ಥೆ ಕ್ಯಾಂಪಾ ಕೋಲಾ ತಂದಿತು. ಮುಂಬಯಿಯ ಪಾರ್ಲೆ ಥಮ್ಸ್ ಅಪ್ ತಂದಿತು. ಇಬ್ಬರಿಗೂ ಆ ಜಾಲ ಮೊದಲೇ ಇತ್ತು. ಬ್ರೆಡ್ ಮಾರುವವರು ಅದನ್ನು ಹೊಸದಾಗಿ ಕಟ್ಟಬೇಕಾಗಿತ್ತು. 1980ರಲ್ಲಿ ಇಂದಿರಾ ಗಾಂಧಿ ಮರಳಿದಾಗ, ತಮ್ಮ ಸೋಲಿನ ವರ್ಷವನ್ನೇ ಹೆಸರಾಗಿ ಹೊತ್ತ ಪಾನೀಯಕ್ಕೆ ಆಶ್ರಯವೂ ಉಳಿಯಲಿಲ್ಲ. ಅದು ಮರೆಯಾಯಿತು.

1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಪಾರ್ಲೆಯ ಪಾನೀಯಗಳನ್ನು ಕೊಂಡಿತು. ಗೋಲ್ಡ್ ಸ್ಪಾಟ್ ಅಳಿಯಿತು. ಜನ ಕೇಳುತ್ತಲೇ ಇದ್ದ ಥಮ್ಸ್ ಅಪ್ ಉಳಿಯಿತು. ಮಾಡರ್ನ್ ಸಂಸ್ಥೆಯೂ 2000ದಲ್ಲಿ ಹಿಂದುಸ್ತಾನ್ ಲೀವರ್ ಪಾಲಾಯಿತು.

ಸರ್ಕಾರವನ್ನು ದೂರುವುದು ಸುಲಭ. ಆದರೆ ಅಂದು ಅಂಗಡಿಯ ಮುಂದೆ ನಿಂತಿದ್ದವನು ನಾನು. ಜಂಬ ಮೈಸೂರಿನದು, ಕಾಸು ಮಾತ್ರ ಕೈಗೆ ಸಿಕ್ಕಿದ ಬಾಟಲಿಗೆ! ಹೊರನಾಡಿನಲ್ಲಿ ಕನ್ನಡದ ಅಭಿಮಾನವನ್ನು ಭಾಷಣಗಳಲ್ಲಿ ಮೆರೆಸಿ, ಮನೆಗೆ ಕನ್ನಡದ ಒಂದು ಪತ್ರಿಕೆಯನ್ನೂ ತರಿಸದ ನಮಗೆ ಈ ಕಥೆ ತೀರ ಪರಕೀಯವೇನಲ್ಲ. ಕೇಳುವವರಿಲ್ಲದ ವಸ್ತುವನ್ನು ಯಾವ ಅಂಗಡಿಯವನೂ ಮಂಜುಗಡ್ಡೆಯಲ್ಲಿಟ್ಟು ಕಾಯುವುದಿಲ್ಲ.